ನೀರಿಗೆ ತಲೆ ಯಾವುದು

ಈ ಲೋಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮಾತು ‘ಪಾಪ’. ಬೈದವರಿಗೆ ತಿರುಗಿ ಬೈಯಬಹುದು. ‘ಪಾಪ’ ಅಂದವರಿಗೆ ಏನು ಮಾಡುತ್ತೀರಿ? ತಲೆ ಸವರುತ್ತಲೇ ಕುತ್ತಿಗೆ ಹಿಸುಕುವ ಮಾತು ಅದು. ನನ್ನ ಅಣ್ಣನ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯವರು ಪಾಪ ಅಂದರು, ನೆಂಟರು ಅಂದರು, ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವ ಮುಂಚೆ ಒಂದು ಸಲ ಅಂದೇ ಇಳಿದರು. ಆದರೆ ಪರೀಕ್ಷಾ ಕಚೇರಿಯ ಮುಖ್ಯ ಮೌಲ್ಯಮಾಪಕರು ಅಂದಷ್ಟು ನಯವಾಗಿ ಯಾರೂ ಅಂದಿರಲಿಲ್ಲ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಆ್ಯಸಿಡ್ ಮೇಡಂ’ ಅನ್ನುತ್ತಾರೆ. ಅನ್ನಲಿ, ಅದರಲ್ಲಿ ಸುಳ್ಳೇನಿಲ್ಲ, ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆ ಮಾಡಿಕೊಂಡಿಲ್ಲ, ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಇದ್ದೇನೆ. ಅಣ್ಣ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಓದುವವನು. ಗಾಡಿ ರದ್ದಾಗಿದೆ ಅನ್ನುವುದನ್ನೂ ಮದುವೆಗೆ ಕರೆದ ಹಾಗೆ ಹೇಳುತ್ತಾನೆ, ಅಂಥ ದನಿ. ಅತ್ತಿಗೆ ನರ್ಸು. ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಮಗಳ ಮಾತು ಕೇಳಲು ಕೂರುತ್ತಾಳೆ. ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಂಡುಸೂಜಿ ಅಂತ. ಸಣಕಲು ಮೈ, ಚುಚ್ಚುವ ಬಾಯಿ, ಹೆಸರು ತಾನಾಗಿ ಅಂಟಿಕೊಂಡಿತು.

ಗುಂಡುಸೂಜಿಗೆ ಮುಂದೆ ರಸಾಯನಶಾಸ್ತ್ರವನ್ನೇ ಓದಬೇಕೆಂಬ ಹಟ. ಅದಕ್ಕೊಂದು ನಿಯಮವಿದೆ. ಈ ವರ್ಷದ ಪರೀಕ್ಷೆಯಲ್ಲಿ ಅಣುಗಳ ರಚನೆ ಬರೆಯುವ ಭಾಗವನ್ನು ಸ್ವಂತ ಅಂಕದಿಂದಲೇ ಪಾಸು ಮಾಡಿರಬೇಕು. ಕಣ್ಣು ಕಾಣದವರಿಗೆ ಆ ಭಾಗದಿಂದ ವಿನಾಯಿತಿ ಕೊಟ್ಟು, ಬದಲಿಗೆ ‘ಬಂಧ ಎಂದರೇನು, ವಿವರಿಸಿ’ ಅಂತ ಒಂದು ಪ್ರಶ್ನೆ ಕೊಡುತ್ತಾರೆ. ಅದನ್ನು ಬರೆದವರು ಪಾಸಾಗುತ್ತಾರೆ. ಪಾಸಾಗಿ ಮುಂದಿನ ತರಗತಿಯ ಬಾಗಿಲಿಗೆ ಹೋದರೆ, ‘ನೀವು ರಚನೆ ಬರೆದೇ ಇಲ್ಲವಲ್ಲ’ ಅಂತ ಅದೇ ಮಂದಿ ಬಾಗಿಲು ಹಾಕುತ್ತಾರೆ. ಎಷ್ಟು ಅಚ್ಚುಕಟ್ಟು ನೋಡಿ. ಮುಂಚೆ ಇಬ್ಬರು ಮಕ್ಕಳು ಹಾಗೆ ವಾಪಸು ಬಂದದ್ದನ್ನು ನಾನೇ ಕಂಡಿದ್ದೆ.

‘ವಿನಾಯಿತಿ ಬೇಡ ಅತ್ತೆ, ನಾನೂ ಬರೀತೀನಿ,’ ಅಂದಳು ಗುಂಡುಸೂಜಿ.

ಆ ಭಾಗದಲ್ಲಿ ಕೇಳುವ ಲೂಯಿಸ್ ರಚನೆ ಬ್ರಹ್ಮವಿದ್ಯೆಯೇನಲ್ಲ. ಪ್ರತಿ ಪರಮಾಣುವಿನ ಹೊರಕವಚದ ಎಲೆಕ್ಟ್ರಾನುಗಳನ್ನು ಚುಕ್ಕಿಯಾಗಿ ಇಡುತ್ತೀರಿ. ಇಬ್ಬರು ಹಂಚಿಕೊಂಡ ಜೋಡಿ ಬಂಧವಾಗುತ್ತದೆ. ಯಾರೊಂದಿಗೂ ಹಂಚಿಕೊಳ್ಳದೆ ಒಬ್ಬರ ಬಳಿಯೇ ಉಳಿದ ಜೋಡಿಗೆ ಒಂಟಿ ಜೋಡಿ ಅನ್ನುತ್ತೇವೆ. ಹೈಡ್ರೋಜನ್ನಿಗೆ ಎರಡಿದ್ದರೆ ಸಾಕು, ಕಾರ್ಬನ್, ನೈಟ್ರೋಜನ್, ಆಕ್ಸಿಜನ್ನಿಗೆ ಸುತ್ತ ಎಂಟಾಗಬೇಕು. ಕೂಡುವುದು, ಹಂಚುವುದು, ಮತ್ತೆ ಎಣಿಸಿ ನೋಡುವುದು, ಅಷ್ಟೇ ಕೆಲಸ. ಇದಕ್ಕೆ ಕಣ್ಣೇ ಬೇಕು ಅಂತ ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ ನನಗೆ ಗೊತ್ತಿಲ್ಲ.

ಊಟದ ಮೇಜಿನ ಮೇಲೆ ನಾವೊಂದು ಹಲಗೆ ಮಾಡಿಕೊಂಡೆವು. ದಪ್ಪ ಥರ್ಮೋಕೋಲ್, ಅದರ ಮೇಲೆ ಬಿಗಿಯಾಗಿ ಎಳೆದು ಹೊಲಿದ ಹಳೆಯ ಬೆಡ್‌ಶೀಟು. ಅಣ್ಣನ ಹಳೆ ಕೋಟಿನ ದೊಡ್ಡ ಗುಂಡಿಗಳು ಕಾರ್ಬನ್ ಆದವು, ಅತ್ತಿಗೆಯ ಸ್ವೆಟರಿನ ಚೌಕದ ಗುಂಡಿಗಳು ನೈಟ್ರೋಜನ್. ಮಧ್ಯೆ ತಗ್ಗಿರುವ ನುಣುಪು ಗುಂಡಿಗೆ ಆಕ್ಸಿಜನ್ ಅಂದೆವು, ಅಂಗಿಯ ಪುಟ್ಟ ಗುಂಡಿಗೆ ಹೈಡ್ರೋಜನ್. ಬಂಧಕ್ಕೆ ಎರಡು ಗುಂಡಿಗಳ ನಡುವೆ ಎಳೆದು ಸಿಕ್ಕಿಸಿದ ರಬ್ಬರ್ ಬ್ಯಾಂಡು. ಒಂಟಿ ಜೋಡಿಗೆ ಅಕ್ಕಪಕ್ಕ ಚುಚ್ಚಿದ ಎರಡು ಪಿನ್ನು.

‘ಜೋಡಿ ಆದ್ಮೇಲೆ ಒಂಟಿ ಹೇಗಾಗುತ್ತೆ ಅತ್ತೆ?’ ಅಂತ ಕೇಳಿದಳು.

‘ನಿಮ್ಮಪ್ಪ ಅಮ್ಮನ್ನ ನೋಡು. ಒಬ್ರದ್ದು ಹಗಲು ಪಾಳಿ, ಒಬ್ರದ್ದು ರಾತ್ರಿ ಪಾಳಿ,’ ಅಂದೆ. ಅಡುಗೆಮನೆಯಿಂದ ಅತ್ತಿಗೆ ಸೌಟು ತೋರಿಸಿದಳು.

ಹೈಡ್ರೋಜನ್ ಸಯನೈಡ್ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೈಡ್ರೋಜನ್ನಿಗೂ ಕಾರ್ಬನ್ನಿಗೂ ನಡುವೆ ಒಂದು ಬ್ಯಾಂಡು ಹಾಕಿ, ಕಾರ್ಬನ್ನಿಗೂ ನೈಟ್ರೋಜನ್ನಿಗೂ ನಡುವೆ ಒಂದೇ ಹಾಕಿದಳು. ಬೆರಳಲ್ಲಿ ಕಾರ್ಬನ್ನಿನ ಸುತ್ತ ಎಣಿಸಿದಳು. ‘ಇವನಿಗೆ ಸಾಲ್ತಿಲ್ಲ,’ ಅಂತ ಎರಡನೇ ಬ್ಯಾಂಡು ಹಾಕಿದಳು, ಆಮೇಲೆ ಮೂರನೆಯದು. ಇನ್ನೊಮ್ಮೆ ಎಣಿಸಿ, ನೈಟ್ರೋಜನ್ನಿನ ಆಚೆ ಬದಿಗೆ ಎರಡು ಪಿನ್ನು ಚುಚ್ಚಿದಳು. ಮೂರು ಬ್ಯಾಂಡಿನ ಎಳೆತಕ್ಕೆ ಎರಡು ಗುಂಡಿಗಳು ಒಂದರ ಕಡೆಗೊಂದು ವಾಲಿದ್ದವು. ಅದನ್ನು ಬೆರಳಲ್ಲಿ ಮೀಟಿ, ‘ಇದು ಗಿಡ್ಡ, ಬಿಗಿ. ಕೀಳೋಕೆ ಜಾಸ್ತಿ ಶಕ್ತಿ ಬೇಕು, ಅಲ್ವಾ?’ ಅಂದಳು. ಪುಸ್ತಕದಲ್ಲಿ ಮೂರು ಗೆರೆ ನೋಡಿ ಬಾಯಿಪಾಠ ಮಾಡುವ ನನ್ನ ಕಾಲೇಜಿನ ಮಕ್ಕಳಲ್ಲಿ ಒಬ್ಬರೂ ಇದನ್ನು ತಾವಾಗಿ ಹೇಳಿದ್ದಿಲ್ಲ.

ಹಲಗೆಗೆ ಅನುಮತಿ ಸಿಗಲು ಪರೀಕ್ಷಾ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದೆ. ಕೊನೆಗೆ, ಬಹುಶಃ ನನ್ನ ಬಾಯಿಗೆ ಹೆದರಿಯೇ, ಒಪ್ಪಿದರು. ಅವಳು ಹಲಗೆಯ ಮೇಲೆ ರಚನೆ ಮಾಡುವುದು, ಯಾವ ಗುಂಡಿ ಯಾವ ಪರಮಾಣು ಅಂತ ಬಾಯಲ್ಲಿ ಹೇಳುವುದು, ಬರೆದುಕೊಡುವವರು ಅದನ್ನು ನೋಡಿ ಹಾಳೆಗೆ ಇಳಿಸುವುದು. ಬರೆದುಕೊಡುವವರಿಗೆ ರಸಾಯನಶಾಸ್ತ್ರದ ಗಂಧ ಇರಕೂಡದು, ಹಾಗಾಗಿ ಇತಿಹಾಸ ಕಲಿಸುವ ಒಬ್ಬ ಮೇಡಂ ಬಂದರು. ಅವರು ಹುಡುಗಿಯ ಪಕ್ಕದಲ್ಲೂ ಕೂರಕೂಡದು. ಪಿಸುಗುಟ್ಟಿಬಿಟ್ಟರೆ? ಮೇಜಿನ ಆಚೆ, ಎದುರಿಗೆ ಕೂರಬೇಕು ಅಂತ ಕಚೇರಿಯವರು ಷರತ್ತು ಹಾಕಿದರು. ಮೇಡಂ ಹಾಗೇ ಕೂತರು.

ಪರೀಕ್ಷೆ ಮುಗಿಸಿ ಬಂದ ಗುಂಡುಸೂಜಿಯ ಕಾಲು ನೆಲದ ಮೇಲಿರಲಿಲ್ಲ. ನೀರು, ಅಮೋನಿಯ, ಹೈಡ್ರೋಜನ್ ಸಯನೈಡ್, ಮೂರನ್ನೂ ಕೇಳಿದ್ದರು. ಮೂರನ್ನೂ ಮಾಡಿ, ಸುತ್ತ ಎಣಿಸಿ, ಪ್ರತಿಯೊಂದರ ಬಂಧ ಎಂಥದ್ದು ಅಂತ ಬಾಯಲ್ಲೂ ಹೇಳಿದ್ದಳು.

ಫಲಿತಾಂಶ ಬರಬೇಕಾದ ದಿನ ನಾನು ಕಾಲೇಜಿನಿಂದ ಬಂದಾಗ ಮನೆ ತಣ್ಣಗಿತ್ತು. ‘ರಿಸಲ್ಟು?’ ಅಂದೆ. ‘ಮುಂದಕ್ಕೆ ಹೋಗಿದ್ಯಂತೆ ಅತ್ತೆ, ಅಪ್ಪ ಫೋನಲ್ಲಿ ನೋಡಿ ಹೇಳಿದ್ರು,’ ಅಂದಳು ಗುಂಡುಸೂಜಿ. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅದೇ ಪರೀಕ್ಷೆ ಬರೆದ ನನ್ನ ಕಾಲೇಜಿನ ಮಕ್ಕಳ ಫಲಿತಾಂಶವನ್ನು ಬೆಳಿಗ್ಗೆಯೇ ಕಣ್ಣಾರೆ ನೋಡಿ ಬಂದವಳು ನಾನು. ಅಣ್ಣನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

‘ರಚನೆ ಭಾಗದಲ್ಲಿ ಸೊನ್ನೆ,’ ಅಂದ. ‘ಫೇಲು.’

‘ಸೊನ್ನೆನಾ?’

‘ಮೆಲ್ಲಗೆ ಮಾತಾಡೇ. ಪಾಪ, ಅವಳಿಗೆ ಕೇಳಿಸುತ್ತೆ.’

ನನ್ನ ಮೈಯೆಲ್ಲ ಉರಿದುಹೋಯಿತು. ಸೊನ್ನೆ ಕೊಟ್ಟವರ ಮೇಲೆ ಒಂದು ಪಾಲು, ಇವನ ಮೇಲೆ ಎರಡು ಪಾಲು. ಮಗಳಿಗೆ ಪೇಪರು ಓದುವಾಗಲೂ ಅಣ್ಣ ಹೀಗೇ. ಅಪಘಾತದಲ್ಲಿ ಸತ್ತವರು ಇವನ ಬಾಯಲ್ಲಿ ಗಾಯಗೊಂಡು ಚೇತರಿಸಿಕೊಳ್ಳುತ್ತಾರೆ. ‘ಅಂಧರಿಗೆ ಪ್ರವೇಶವಿಲ್ಲ’ ಅಂತ ಬಂದ ಪತ್ರವನ್ನು ‘ಸೀಟು ಭರ್ತಿಯಾಗಿದೆ’ ಅಂತ ಓದುತ್ತಾನೆ. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಪ್ರೀತಿಯ ಹೆಸರಲ್ಲಿ ಒಂದು ಹುಡುಗಿಯ ಇಡೀ ಪ್ರಪಂಚಕ್ಕೆ ಸಕ್ಕರೆ ಬೆರೆಸಿ ಕುಡಿಸಲು ಇವನಿಗೆ ಹಕ್ಕು ಕೊಟ್ಟವರು ಯಾರು?

‘ಎಷ್ಟು ದಿನ ಮುಚ್ಚಿಡ್ತೀಯಾ? ಅವಳಿಗೆ ಕಣ್ಣು ಕಾಣಲ್ಲ ಅಷ್ಟೇ, ಬುದ್ಧಿ ಕಾಣುತ್ತೆ!’ ಅಂತ ಕಿರುಚಿದೆ.

‘ಕಿವೀನೂ ಕೇಳುತ್ತೆ,’ ಅಂದಳು ಗುಂಡುಸೂಜಿ, ಬಾಗಿಲಲ್ಲಿ ನಿಂತು. ಮುಖ ಬಿಳಿಚಿಕೊಂಡಿತ್ತು. ‘ಸೊನ್ನೆ ಅಂದ್ರಲ್ಲ, ಮೂರಕ್ಕೂನಾ?’

‘ಮೂರಕ್ಕೂ,’ ಅಂದೆ ನಾನು.

‘ಹಾಗಿದ್ರೆ ಪೇಪರ್ ನೋಡ್ಬೇಕು. ಒಂದು ತಪ್ಪಾಗಿರಬಹುದು. ಮೂರೂ ತಪ್ಪಾಗೋಕೆ ಸಾಧ್ಯನೇ ಇಲ್ಲ.’

ಮರುದಿನ ಮೂವರೂ ಹೋದೆವು. ಮುಖ್ಯ ಮೌಲ್ಯಮಾಪಕರ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಟ್ಟೆಯಲ್ಲಿ ಕಟ್ಟಿದ ಉತ್ತರಪತ್ರಿಕೆಗಳ ಗಂಟು, ನಡುವೆ ಗಾಜು ಹೊದಿಸಿದ ಮೇಜು. ಅವರ ದನಿ ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಎದ್ದು ಬಂದು ತಾವೇ ಕುರ್ಚಿ ಎಳೆದು ಕೂರಿಸಿದರು. ‘ಬಾಮ್ಮ, ಪಾಪ, ಮೆಟ್ಟಿಲು ಹತ್ತೋಕೆ ಕಷ್ಟ ಆಯ್ತೇನೋ,’ ಅಂದರು.

‘ಮೆಟ್ಟಿಲು ಕಷ್ಟ ಆಗ್ಲಿಲ್ಲ ಸಾರ್, ಸೊನ್ನೆ ಕಷ್ಟ ಆಗಿದೆ,’ ಅಂದಳು ಅವಳು.

ಅವರು ನಕ್ಕು ಉತ್ತರಪತ್ರಿಕೆಯನ್ನೂ ಪಕ್ಕದಲ್ಲಿ ಮಾದರಿ ಉತ್ತರವನ್ನೂ ಇಟ್ಟರು. ನಾನು ನೋಡಿದೆ. ಮಾದರಿಯಲ್ಲಿ ನೀರಿನ ಆಕ್ಸಿಜನ್ ಮೇಲೆ, ಹೈಡ್ರೋಜನ್ನುಗಳು ಕೆಳಗೆ. ಇವಳದ್ದರಲ್ಲಿ ಆಕ್ಸಿಜನ್ ಕೆಳಗೆ, ಅದರ ಎರಡು ಒಂಟಿ ಜೋಡಿ ಇನ್ನೂ ಕೆಳಗೆ, ಹೈಡ್ರೋಜನ್ನುಗಳು ಕೊಂಬಿನ ಹಾಗೆ ಮೇಲೆ. ಅಮೋನಿಯದ ಒಂಟಿ ಜೋಡಿ ನೆತ್ತಿಯ ಮೇಲಿರುವ ಬದಲು ಬುಡದಲ್ಲಿ. ಸಯನೈಡಿನಲ್ಲಿ ನೈಟ್ರೋಜನ್ ಎಡಕ್ಕೆ, ಹೈಡ್ರೋಜನ್ ಬಲಕ್ಕೆ. ಮೂರಕ್ಕೂ ಅಡ್ಡಗೆರೆ ಎಳೆದು, ‘ಎಲ್ಲ ತಿರುಗುಮುರುಗು’ ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಪಕ್ಕದಲ್ಲಿ ಬರೆಸಿದ್ದ ವಿವರಣೆಯನ್ನು ಓದಿದ ಗುರುತೇ ಇರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದೆ.

‘ನೈಟ್ರೋಜನ್ ಎಡಕ್ಕಿದ್ಯಾ? ನಾನು ಬಲಕ್ಕೆ ಇಟ್ಟಿದ್ದೆ. ನೀರಿನ ಹೈಡ್ರೋಜನ್ನುಗಳು ನನ್ನ ಹೊಟ್ಟೆ ಕಡೆ ಇದ್ವು.’ ಬೆರಳಿಂದ ಮೇಜಿನ ಗಾಜಿನ ಮೇಲೆ ಏನೋ ಗೀಚಿ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. ‘ಅಯ್ಯೋ ಅತ್ತೆ! ಆ ಇತಿಹಾಸದ ಮೇಡಂ ನನ್ನ ಎದುರಿಗೆ ಕೂತಿದ್ರು. ಅವರಿಗೆ ಕಂಡ ಹಾಗೆ ಬರ್ಕೊಂಡಿದ್ದಾರೆ.’

ನಾನು ಉತ್ತರಪತ್ರಿಕೆಯನ್ನು ಸರಕ್ಕನೆ ಎಳೆದು, ಮೇಲಿನ ಅಂಚು ಕೆಳಗೆ ಬರುವಂತೆ ತಿರುಗಿಸಿ ಅವರ ಮುಂದಿಟ್ಟೆ. ಎಚ್, ಎನ್, ಓ ಅಕ್ಷರಗಳು ತಲೆಕೆಳಗಾದರೂ ಅವೇ ಆಗಿ ಉಳಿದವು. ಸಿ ಒಂದು ಮಾತ್ರ ಬೆನ್ನು ತಿರುಗಿಸಿ ನಿಂತಿತು. ಅದು ಬಿಟ್ಟರೆ ಮೂರೂ ರಚನೆ ಮಾದರಿ ಉತ್ತರದ ಪಡಿಯಚ್ಚು.

‘ಪಕ್ಕ ಕೂರೋದು ಬೇಡ, ಎದುರಿಗೇ ಕೂರ್ಬೇಕು ಅಂತ ಹಟ ಹಿಡಿದವರು ನೀವು,’ ಅಂದೆ. ‘ಹಲ್ಲು ಕಚ್ಚಿ ಒಪ್ಪಿದ್ದೆ ನಾನು.’

‘ಹಾಗಾದ್ರೆ ಬರೆದುಕೊಟ್ಟವರ ತಪ್ಪು ಅಂತಾಯ್ತು,’ ಅಂದರು ಅವರು, ನಯವಾಗಿ ಜಾರಿಕೊಳ್ಳುತ್ತ.

‘ಇಲ್ಲ ಸಾರ್, ಯಾರ ತಪ್ಪೂ ಇಲ್ಲ,’ ಅಂದಳು ಗುಂಡುಸೂಜಿ. ‘ತಿರುಗಿಸದೇ ಇದ್ರೂ ಅದು ಸರೀನೇ. ನೀರಿಗೆ ತಲೆ ಯಾವುದು, ಕಾಲು ಯಾವುದು? ಲೋಟ ಬಗ್ಗಿಸಿದ್ರೆ ನೀರು ಬೇರೆ ಏನಾದ್ರೂ ಆಗುತ್ತಾ? ಆಕ್ಸಿಜನ್ ಸುತ್ತ ಎಂಟಿದ್ಯಾ, ಯಾರು ಯಾರ ಜೊತೆ ಹಂಚ್ಕೊಂಡಿದ್ದಾರೆ, ಅದು ತಾನೇ ಪ್ರಶ್ನೆ? ಮೇಲೆ ಕೆಳಗೆ ಇರೋದು ನಿಮ್ಮ ಹಾಳೆಗೆ ಸಾರ್.’

ಆ ಮನುಷ್ಯ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ನನ್ನ ಸಿಟ್ಟಿಗೆ ತಳವೇ ಇಲ್ಲದ ಹಾಗೆ ಮಾಡಿದ ಮಾತು ಆಮೇಲೆ ಬಂತು.

‘ನೋಡಿ ಮೇಡಂ, ನಾನೂ ಮೂವತ್ತು ವರ್ಷ ಇದೇ ಪಾಠ ಮಾಡಿದವನು. ಉತ್ತರ ತಪ್ಪು ಅಂತ ನಾನೂ ಹೇಳ್ತಿಲ್ಲ. ಆದ್ರೆ ಸೊನ್ನೆ ತೆಗೆದು ಪೂರ್ತಿ ಅಂಕ ಹಾಕಿದ್ರೆ, ಪೇಪರ್ ನೋಡಿದವರ ಮೇಲೆ ವಿಚಾರಣೆ ಬರುತ್ತೆ. ಸಹಿ ಹಾಕಿದ ನನ್ನ ಮೇಲೂ ಬರುತ್ತೆ. ಅದೆಲ್ಲ ಯಾಕೆ? ಕೃಪಾಂಕ ಕೊಟ್ಟು ಪಾಸು ಮಾಡಿಬಿಡ್ತೀವಿ. ಪಾಪ, ಹುಡುಗಿ ವರ್ಷ ಉಳಿಯುತ್ತೆ.’

ಗೊತ್ತಿದ್ದೂ! ಉತ್ತರ ಸರಿ ಅಂತ ಗೊತ್ತಿದ್ದೂ ಈ ಮಾತು! ತಮ್ಮ ತಪ್ಪು ಮುಚ್ಚಿಕೊಳ್ಳಲು ಅವಳ ಕಣ್ಣನ್ನು ಅಡ್ಡ ಹಿಡಿಯುತ್ತಿದ್ದರು. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ನನ್ನ ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು, ಅದನ್ನು ಮುಟ್ಟಬಾರದೆಂದು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

‘ಕೃಪಾಂಕದಲ್ಲಿ ಪಾಸಾದವರನ್ನ ಮುಂದಿನ ರಸಾಯನಶಾಸ್ತ್ರಕ್ಕೆ ಸೇರಿಸ್ಕೊಳ್ಳಲ್ಲ. ಅದು ನಿಮಗೆ ಗೊತ್ತಿಲ್ವಾ?’ ಅಂದೆ.

‘ಬೇರೆ ವಿಷಯ ಎಷ್ಟೊಂದಿದೆ! ಸಂಗೀತ ಇದೆ,’ ಅಂದರು. ಗುಂಡುಸೂಜಿ ಹಾಡಿದರೆ ಬೀದಿನಾಯಿಯೂ ಎದ್ದು ಹೋಗುತ್ತದೆ ಅಂತ ಇವರಿಗೆ ಹೇಳುವವರು ಯಾರು. ‘ಇಲ್ಲಾಂದ್ರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಬೇರೆಯವರು ನೋಡ್ತಾರೆ. ಅವರ ಕೈಲೂ ಇದೇ ಮಾದರಿ ಉತ್ತರ ಇರುತ್ತೆ. ಅವರೂ ಸೊನ್ನೆ ಅಂದ್ರೆ ಫೇಲೇ ಗಟ್ಟಿ. ಆಮೇಲೆ ಕೃಪಾಂಕವೂ ಇಲ್ಲ. ಯೋಚನೆ ಮಾಡಿ.’ ಡ್ರಾಯರಿನಿಂದ ಟೈಪು ಮಾಡಿದ ಒಂದು ಹಾಳೆ ತೆಗೆದರು. ಮೊದಲೇ ಸಿದ್ಧ ಮಾಡಿಟ್ಟಿದ್ದರು. ‘ತಂದೆಯವರದ್ದೊಂದು ಸಹಿ, ಮಗಳದ್ದೊಂದು. ಅಷ್ಟೇ.’

ಅಣ್ಣ ಹಾಳೆ ತೆಗೆದುಕೊಂಡ. ಅವನ ಕಣ್ಣು ಸಾಲಿನಿಂದ ಸಾಲಿಗೆ ಹೋಯಿತು, ಒಂದು ಕಡೆ ನಿಂತಿತು, ಮತ್ತೆ ಹೋಯಿತು. ಜೇಬಿನಿಂದ ಪೆನ್ನು ತೆಗೆದ.

‘ಏನಂತ ಇದೆ ಅಪ್ಪ?’

‘ಉತ್ತರಗಳನ್ನು ಪರಿಶೀಲಿಸಲಾಗಿ,’ ಅಂತ ಶುರುಮಾಡಿದ ಅಣ್ಣ, ಅದೇ ನಿಲ್ದಾಣದ ದನಿಯಲ್ಲಿ, ‘ಅಂಕಗಳನ್ನು ನೀಡಿ ಉತ್ತೀರ್ಣಗೊಳಿಸಬೇಕೆಂದು ಕೋರಿಕೆ. ಅಷ್ಟೇ ಪುಟ್ಟಾ. ಇಲ್ಲಿ ಸಹಿ ಹಾಕು.’ ಪೆನ್ನನ್ನು ಅವಳ ಬೆರಳ ನಡುವೆ ಇಟ್ಟು, ಕೈ ಹಿಡಿದು ಹಾಳೆಯ ಮೇಲೆ ಇರಿಸಿದ.

ನನ್ನ ಬಾಯಿ ತೆರೆದಿತ್ತು, ಮಾತು ಹೊರಡುವ ಮುಂಚೆಯೇ ಅವಳು ನನ್ನ ಕಡೆ ತಿರುಗಿದಳು.

‘ಅತ್ತೆ, ನೀನು ಓದು.’

‘ಯಾಕೆ, ನಾನು ಓದಿದ್ನಲ್ಲ,’ ಅಂದ ಅಣ್ಣ.

‘ನೀನು ಓದಿದ್ದು ಚೆನ್ನಾಗಿತ್ತು ಅಪ್ಪ. ಯಾವಾಗ್ಲೂ ಚೆನ್ನಾಗೇ ಇರುತ್ತೆ. ಆದ್ರೆ ಅತ್ತೆ ಉಸಿರಾಡೋದು ಇಲ್ಲೀವರೆಗೂ ಕೇಳಿಸ್ತಿದೆ.’

ಹೌದು, ಕೊಲೆ ಮಾಡುವವಳ ಹಾಗೆ ಉಸಿರಾಡುತ್ತಿದ್ದೆ. ಅಣ್ಣನ ಭುಜದ ಮೇಲಿಂದ ಅಷ್ಟನ್ನೂ ಓದಿಯಾಗಿತ್ತು. ಗಟ್ಟಿಯಾಗಿ ಓದಲು ಕೈ ಚಾಚಿದೆ. ಅಷ್ಟರಲ್ಲಿ ಅವಳೇ ತಡೆದಳು.

‘ಬೇಡ. ಅಪ್ಪನೇ ಓದ್ಲಿ. ಅಪ್ಪ, ಇದ್ದದ್ದು ಇದ್ದ ಹಾಗೆ. ಒಂದೇ ಒಂದು ಸಲ.’

ಅಣ್ಣ ಮೌಲ್ಯಮಾಪಕರ ಮುಖ ನೋಡಿದ. ಅವರು ಗಡಿಯಾರ ನೋಡಿಕೊಂಡರು. ನನ್ನ ಮುಖ ನೋಡಿದ. ನಾನು ಎಳ್ಳಷ್ಟೂ ಕರಗಲಿಲ್ಲ, ಕರಗುವ ಮನಸ್ಸೂ ಇರಲಿಲ್ಲ. ಕೊನೆಗೆ ಹಾಳೆ ಎತ್ತಿಕೊಂಡ. ದನಿ ಸರಿಮಾಡಿಕೊಳ್ಳಲು ಕೆಮ್ಮಿದ, ಅದು ಸರಿಯಾಗಲಿಲ್ಲ.

‘ಮಾನ್ಯರೇ,’ ಅಂದ. ‘ನನ್ನ ಮಗಳು ಹುಟ್ಟುಕುರುಡಿ... ಹುಟ್ಟುಕುರುಡಿಯಾಗಿದ್ದು,’ ಅಲ್ಲಿ ತಡವರಿಸಿದ. ಆ ಪದ ಅವನ ಬಾಯಿಂದ ಬಂದದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ‘ಅಣುಗಳ ರಚನೆಯನ್ನು ಅರಿಯುವ ಸಾಮರ್ಥ್ಯ ಅವಳಿಗೆ ಇಲ್ಲ...’

ಅಲ್ಲಿಗೆ ಓದು ನಿಲ್ಲಿಸಿದ. ಫ್ಯಾನಿನ ಗಾಳಿಗೆ ಹಾಳೆಯ ತುದಿ ಪಟಪಟ ಬಡಿಯುತ್ತಿತ್ತು.

‘ಮುಂದೆ ಅಪ್ಪ?’

‘ಇಲ್ಲಿಂದ ಮುಂದಕ್ಕೆ ಓದೋಕಾಗಲ್ಲ,’ ಅಂದ. ದನಿ ಒಡೆದುಹೋಗಿತ್ತು. ‘ಇದು ಸುಳ್ಳು.’ ಮೌಲ್ಯಮಾಪಕರ ಕಡೆ ತಿರುಗಿ ಇನ್ನೊಮ್ಮೆ ಅಂದ, ಈ ಸಲ ಆಚೆಯ ಗುಮಾಸ್ತರಿಗೂ ಕೇಳಿಸುವ ಹಾಗೆ. ‘ಸುಳ್ಳು ಬರೆದಿದ್ದೀರಿ ಸಾರ್ ನೀವು! ನನ್ನ ಮಗಳ ಬಗ್ಗೆ, ನನ್ನ ಬಾಯಲ್ಲೇ ಹೇಳಿಸ್ತಿದ್ದೀರಿ!’

‘ಕೂಗಾಡಬೇಡಿ. ಆಮೇಲೆ ಫೇಲಾದ್ರೆ ನನ್ನನ್ನ ಕೇಳಬೇಡಿ,’ ಅಂದರು ಅವರು. ದನಿಯಲ್ಲಿ ಬೆಣ್ಣೆ ಇರಲಿಲ್ಲ.

ಹೆದರಿಕೆಯಾಗಿತ್ತು ಗುಂಡುಸೂಜಿಗೆ, ಆಗದೆ ಏನು? ಒಂದು ವರ್ಷ ಪೂರ್ತಿ ಮಣ್ಣುಪಾಲಾಗಬಹುದಿತ್ತು. ಮೇಜಿನ ಮೇಲೆ ತಡಕಿ ಆ ಹಾಳೆಯನ್ನು ಹುಡುಕಿದಳು, ಮಗುಚಿ ಹಾಕಿ, ಖಾಲಿ ಬದಿಯನ್ನು ಅಂಗೈಯಲ್ಲಿ ಸವರಿ ನೋಡಿದಳು. ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.

‘ಇಲ್ಲೇ ಬರಿ ಅಪ್ಪ, ಮರುಮೌಲ್ಯಮಾಪನದ ಅರ್ಜಿ. ಎದುರಿಗೆ ಬೇಡ, ನನ್ನ ಪಕ್ಕ ಕೂತ್ಕೊ. ನಾನು ಹೇಳಿದ್ದಷ್ಟೇ ಬರೀಬೇಕು, ಎಲ್ಲೂ ಸಿಹಿ ಮಾಡಬಾರದು.’

ಅಣ್ಣ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಕಣ್ಣು ಒರೆಸಿಕೊಂಡ. ‘ಹೇಳು,’ ಅಂದ.

‘ನನ್ನ ಉತ್ತರ ಸರಿ ಇದೆ,’ ಅಂದಳು.

ಅವನು ಬರೆದ. ಬರೆದದ್ದನ್ನು, ಅವಳು ಕೇಳದಿದ್ದರೂ, ಗಟ್ಟಿಯಾಗಿ ಓದಿ ಹೇಳಿದ.